ಇಲ್ಲಿ ಇನ್‌ಚಾರ್ಜ್ ಯಾರು, ಮಾವ?

ಭಾನುವಾರದಿಂದ ಒಂದೇ ಪ್ರಶ್ನೆ ತಲೆ ಕೊರೆಯುತ್ತಿದೆ. ಕೇಳಿದವನು ನನ್ನ ಅಕ್ಕನ ಮಗ. ಕೇಳಿದ ಜಾಗ ನಮ್ಮ ತೋಟದ ಕೆರೆ ಏರಿ. ಉತ್ತರ ಹೇಳಬೇಕಾದವರು ನಾಲ್ಕು ಜನ ಇದ್ದೆವು, ಒಬ್ಬರೂ ಬಾಯಿ ಬಿಡಲಿಲ್ಲ.

ಕೊಡಗಿನ ಸುಂಟಿಕೊಪ್ಪದ ಕಡೆ ರೊಬಸ್ಟಾ ಕಾಫಿ ಇಟ್ಟುಕೊಂಡವರಿಗೆ ಈ ದಿನಗಳ ಗಡಿಬಿಡಿ ಗೊತ್ತೇ ಇದೆ. ಮೊಗ್ಗು ಕಾಯ್ತಾ ಇದೆ, ಅದನ್ನ ಅರಳಿಸುವ ಹೂಮಳೆಯ ಸುಳಿವಿಲ್ಲ. ಕೆರೆ ನೀರನ್ನ ಸ್ಪ್ರಿಂಕ್ಲರ್‌ನಲ್ಲಿ ಹೊಡೆಯಲೇಬೇಕು. ಕರೆಂಟ್ ನಂಬಿ ಕೂತರೆ ಆಗಲ್ಲ ಅಂತ ಡೀಸೆಲ್ ಎಂಜಿನ್ ಇಟ್ಟಿದ್ದೇವೆ. ಅವತ್ತು ಪಿಕಪ್‌ನಲ್ಲಿ ಎರಡು ಬ್ಯಾರಲ್ ಡೀಸೆಲ್ ಬಂತು. ಜೊತೆಗೆ ಕಳೆ ಹೊಡೆಯುವ ಮೆಷಿನ್ನಿಗೆ 35 ಲೀಟರ್ ಕ್ಯಾನ್ ತುಂಬ ಪೆಟ್ರೋಲ್. ಕ್ಯಾನಿನ ಮುಚ್ಚಳ ಯಾವತ್ತೋ ಕಳೆದುಹೋಗಿದೆ. ಬಾಯಿಗೆ ಹಾಲಿನ ಕವರ್ ತುರುಕಿದ್ದೇವೆ.

ಪಿಕಪ್ ಸ್ಟಾರ್ಟ್‌ನಲ್ಲೇ ನಿಂತಿತ್ತು. ಬ್ಯಾಟರಿ ವೀಕು, ಆಫ್ ಮಾಡಿದರೆ ಎಲ್ಲರೂ ಸೇರಿ ತಳ್ಳಬೇಕು. ಪಂಪ್ ಕೂರಿಸಿರುವ ಗುಂಡಿ ನೆರಳಾಗಿದೆ ಅಂತ ಮೇಸ್ತ್ರಿ ಪೆಟ್ರೋಲ್ ಕ್ಯಾನನ್ನು ಅಲ್ಲಿಗೇ ಇಳಿಸಿದ. ಪೈಪಿನ ಒಂದು ತುದಿ ಕ್ಯಾನಿಗೆ ಬಿಟ್ಟ, ಇನ್ನೊಂದು ತುದಿ ಬಾಯಿಗಿಟ್ಟ. ಕೆನ್ನೆ ಎರಡೂ ಒಳಗೆ ಹೋಗುವ ಹಾಗೆ ಎಳೆದ. ಥೂ ಅಂತ ಉಗಿದು, ಹರಿಯೋಕೆ ಶುರುವಾದ ಪೈಪನ್ನ ಚಿಕ್ಕ ಕ್ಯಾನಿಗೆ ತಿರುಗಿಸಿದ. ಒಂದಿಷ್ಟು ಮಣ್ಣಿಗೂ ಬಿತ್ತು. ಅವನ ಕಿವಿ ಸಂದಿಯಲ್ಲಿ ಬೀಡಿ. ಹಚ್ಚಿರಲಿಲ್ಲ, ಅಷ್ಟು ಪುಣ್ಯ.

ನಮ್ಮ ಹುಡುಗ ಕಾಫಿ ಲೋಟ ಹಿಡಿದು ಏರಿ ಮೇಲೆ ಬಂದ. ಒಂದು ಗಳಿಗೆ ಸುಮ್ನೆ ನೋಡಿದ.

"ಮಾವ, ಇಲ್ಲಿ ಈಗ ಇನ್‌ಚಾರ್ಜ್ ಯಾರು?"

ಪಿಕಪ್‌ನವನು ಮೇಸ್ತ್ರಿ ಮುಖ ನೋಡಿದ. ಮೇಸ್ತ್ರಿ ನನ್ನನ್ನು ನೋಡಿದ. ಪೈಪ್ ಹಿಡಿದಿದ್ದ ಕೆಲಸದ ಹುಡುಗ ಪೈಪನ್ನೇ ನೋಡಿದ. ನಾನು ಕೆರೆ ನೋಡಿದೆ.

ಈ ಹುಡುಗನ ಬಗ್ಗೆ ಒಂದು ಮಾತು ಹೇಳಬೇಕು. ಕೆಮಿಕಲ್ ಸಾಗಿಸುವ ಹಡಗಿನಲ್ಲಿ ಥರ್ಡ್ ಆಫೀಸರ್. ರಜೆಯಲ್ಲಿ ಬಂದರೆ ಮೊದಲ ವಾರ ಬರೀ ನಿದ್ದೆ. ಅಕ್ಕನಿಗೆ ಅವನ ಸಂಬಳ ಡಾಲರಿನಲ್ಲಿ ಎಷ್ಟು ಅಂತ ಬಾಯಿಪಾಠ, ಅವನು ಅಲ್ಲಿ ಏನು ಕೆಲಸ ಮಾಡ್ತಾನೆ ಅಂತ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ ಅನ್ನಿ. ಅವತ್ತು ಮೊದಲು ನನಗೆ ಬಂದದ್ದು ಸಿಟ್ಟು. ನಾನು ಮೂವತ್ತು ವರ್ಷದಿಂದ ಇದೇ ಕೆರೆಗೆ ಎಂಜಿನ್ ಇಡ್ತಾ ಇದ್ದೀನಿ. ನಿನ್ನೆ ಮೊನ್ನೆ ಮೀಸೆ ಬಂದವನು ಕೇಳ್ತಾನೆ, ಇನ್‌ಚಾರ್ಜ್ ಯಾರು ಅಂತ!

ಪಿಕಪ್ ಆಫ್ ಮಾಡಿಸಿದ. ಕ್ಯಾನನ್ನ ಗುಂಡಿಯಿಂದ ಮೇಲೆತ್ತಿಸಿ ಗಾಳಿಯಾಡುವ ಕಡೆ ಇಡಿಸಿದ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗುಂಡಿ ಸಿಕ್ಕಿದರೆ ನೀರಿನ ಹಾಗೆ ಅಲ್ಲೇ ಕೂರುತ್ತೆ ಅಂದ. ಡೀಸೆಲ್ ಅಷ್ಟು ಬೇಗ ಹೊತ್ತಿಕೊಳ್ಳಲ್ಲ, ಪೆಟ್ರೋಲಿಗೆ ಕಿಡಿ ಸಾಕು. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಪೆಟ್ರೋಲ್ ಇಡಬಹುದಾದದ್ದು 30 ಲೀಟರ್ ಮಾತ್ರ, ಡೀಸೆಲ್ ಆದರೆ 2,500 ಲೀಟರ್‌ವರೆಗೆ. ಅಂದರೆ ನಮ್ಮ ಕ್ಯಾನೇ ಕಾನೂನು ಮೀರಿದ್ದು.

ಸಂಜೆ ಜಗಲಿಯಲ್ಲಿ ಕೂತು ಅಮೆರಿಕದ ಹ್ಯೂಸ್ಟನ್ ಬಂದರಿನ ಕಥೆ ಹೇಳಿದ. ಅಲ್ಲಿ ಇವರ ಹಡಗಿನ ಪಕ್ಕಕ್ಕೆ ಟ್ಯಾಂಕ್ ಬಾರ್ಜ್ ಬಂದು ನಿಲ್ಲುತ್ತಂತೆ. ಬಾರ್ಜ್ ಅಂದರೆ ಎಂಜಿನ್ ಇಲ್ಲದ ಚಪ್ಪಟೆ ದೋಣಿ. ಹಿಂದಿನಿಂದ ಇನ್ನೊಂದು ಬೋಟ್ ದೂಡಿಕೊಂಡು ಬರಬೇಕು. ಅದರ ಹೊಟ್ಟೆಯಲ್ಲಿ ಬೆಂಜೀನ್, ಸ್ಟೈರೀನ್ ಇಂಥ ಬೇಗ ಹೊತ್ತಿಕೊಳ್ಳುವ ಕೆಮಿಕಲ್‌ಗಳು. ದೊಡ್ಡ ಬಾರ್ಜ್ ಆದರೆ 30,000 ಬ್ಯಾರಲ್ ಹಿಡಿಸುತ್ತೆ. ಅವರ ಲೆಕ್ಕದಲ್ಲಿ ಒಂದು ಬ್ಯಾರಲ್ ಅಂದರೆ 159 ಲೀಟರ್.

"ಹಾಗಾದ್ರೆ ಅವರ ಬ್ಯಾರಲ್ ನಮ್ಮದಕ್ಕಿಂತ ಸಣ್ಣದು," ಅಂದ ಮೇಸ್ತ್ರಿ. ಅವನಿಗೆ ತುಂಬ ಖುಷಿಯಾಯಿತು.

ಪೈಪ್ ಜೋಡಿಸುವ ಮುಂಚೆ ಕೊಡುವ ಕಡೆಯವನೊಬ್ಬ, ತಗೊಳ್ಳುವ ಕಡೆಯವನೊಬ್ಬ ಎದುರುಬದುರು ನಿಲ್ಲಬೇಕು. ಇಬ್ಬರಿಗೂ ಅರ್ಥವಾಗುವ ಭಾಷೆಯಲ್ಲಿ ಮಾತಾಡಬೇಕು. ಪೈಪ್ ಸರಿಯಿದೆಯಾ, ಸೋರಿದರೆ ಹಿಡಿಯೋಕೆ ತಟ್ಟೆ ಇದೆಯಾ, ತಕ್ಷಣ ನಿಲ್ಲಿಸೋದು ಹೇಗೆ, ಎಲ್ಲ ನೋಡಿ ಇಬ್ಬರೂ ಸೈನ್ ಹಾಕಬೇಕು. ಆ ಕಾಗದಕ್ಕೆ ಡಿಕ್ಲರೇಶನ್ ಆಫ್ ಇನ್‌ಸ್ಪೆಕ್ಷನ್ ಅಂತ ಹೆಸರು, ಆ ಇಬ್ಬರಿಗೆ ಪರ್ಸನ್ ಇನ್ ಚಾರ್ಜ್ ಅಂತ. ಹಗಲಾದರೆ ಕೆಂಪು ಬಾವುಟ, ರಾತ್ರಿಯಾದರೆ ಕೆಂಪು ದೀಪ. ಅಪಾಯದ ಸರಕು, ಹೊರಗಿನವರು ಬರಬಾರದು, ಬೀಡಿ ಸಿಗರೇಟ್ ಬೇಡ, ಬೆಂಕಿ ಬೇಡ ಅಂತ ಬೋರ್ಡು. ಒಳಗಿರುವುದು ಏನು, ಚೆಲ್ಲಿದರೆ ಏನು ಮಾಡಬೇಕು ಅಂತ ಒಂದು ಕಾರ್ಡು.

"ಸೈನ್ ಹಾಕಿದ್ರೆ ಬೆಂಕಿ ಹತ್ತಲ್ವಾ?" ನಾನು ಕುಟುಕಿದೆ.

"ಹತ್ತುತ್ತೆ ಮಾವ. ಆದ್ರೆ ಸೈನ್ ಹಾಕಿದವನು ಮನೆಗೆ ಹೋಗಿ ಮಲಗಲ್ಲ."

1965ರ ಚಂಡಮಾರುತದ ಕಥೆಯನ್ನೂ ಹೇಳಿದ. ಮಿಸಿಸಿಪ್ಪಿ ನದಿಯಲ್ಲಿ 600 ಟನ್ ಕ್ಲೋರಿನ್ ಅನ್ನೋ ವಿಷಾನಿಲ ಇದ್ದ ಬಾರ್ಜ್ ಮುಳುಗಿಹೋಯಿತಂತೆ. ಮೇಲೆತ್ತೋಕೆ ಎರಡು ತಿಂಗಳಾಯಿತು. ಅಷ್ಟು ದಿನ ನದಿಯ ತಳದಲ್ಲಿ ಅದು ಹಾಗೇ ಕೂತಿತ್ತು, ದಂಡೆಯಲ್ಲಿ ಊರು. ನನಗೆ ನಮ್ಮ 2018ರ ಆಗಸ್ಟ್ ನೆನಪಾಯಿತು. ಗುಡ್ಡ ಜಾರಿದ ಆ ರಾತ್ರಿಗಳಲ್ಲಿ ಎಲ್ಲರ ಕೈಯಲ್ಲೂ ಫೋನ್ ಇತ್ತು, ಯಾರಿಗೆ ಮಾಡಬೇಕು ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಮಲಗಿದ ಮೇಲೆ ಇನ್ನೊಂದು ನೆನಪಾಯಿತು. ಅಮ್ಮನ ಬಿಪಿ ಮಾತ್ರೆ. ಅಮ್ಮ ಇರುವುದು ನನ್ನ ಮನೆಯಲ್ಲಿ. ಡಾಕ್ಟರ ಹತ್ತಿರ ಫೋನಿನಲ್ಲಿ ಮಾತಾಡುವವಳು ಅಕ್ಕ. ತಿಂಗಳಿಗೊಮ್ಮೆ ಮಾತ್ರೆ ತರುವವನು ಕುಶಾಲನಗರದ ತಮ್ಮ. ಹೋದ ತಿಂಗಳು ಡಾಕ್ಟರು ಮಾತ್ರೆ ಬದಲಾಯಿಸಿದ್ದು ಅಕ್ಕನಿಗೆ ಗೊತ್ತಿತ್ತು. ತಮ್ಮ ಹೊಸದನ್ನ ತಂದುಕೊಟ್ಟ. ನಾನು ಹಳೆಯ ಮಾತ್ರೆಯ ಸ್ಟ್ರಿಪ್ಪನ್ನ ಡಬ್ಬಿಯಿಂದ ತೆಗೆಯಲಿಲ್ಲ. ಅಮ್ಮ ಹನ್ನೊಂದು ದಿನ ಎರಡನ್ನೂ ನುಂಗಿ, ಒಂದು ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ತಲೆ ಸುತ್ತಿ ಕೂತುಬಿಟ್ಟರು. ಆಮೇಲೆ ನಾವು ಮೂವರೂ ಫೋನಿನಲ್ಲಿ ಒಬ್ಬರಿಗೊಬ್ಬರು ಹೇಳಿದ್ದು ಒಂದೇ ಮಾತು: ನೀನು ನೋಡ್ಕೋತೀಯ ಅಂದ್ಕೊಂಡಿದ್ದೆ.

ಎದ್ದು ಹೋಗಿ ಡಬ್ಬಿ ತೆಗೆದು ನೋಡಿದೆ. ಹಳೆಯ ಸ್ಟ್ರಿಪ್ ಇನ್ನೂ ಅಲ್ಲೇ ಇತ್ತು, ನಾಲ್ಕು ಮಾತ್ರೆ ಉಳಿದಿದ್ದವು.

ಸೋಮವಾರ ಅಕ್ಕನ ಮಗ, ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಎರಡು ಗೆರೆ ಎಳೆದ. ಕೊಟ್ಟವರು, ತಗೊಂಡವರು. ಬಾಯಿಂದ ಎಳೆಯೋದು ಬೇಡ ಅಂತ ಕೈಪಂಪ್ ತರಿಸಿದ, ಹೊಸ ಕ್ಯಾನ್ ತರಿಸಿದ. ಮೇಸ್ತ್ರಿ ಹೆಂಡತಿಯ ಹಳೇ ಕೆಂಪು ಸೀರೆ ಹರಿದು ಪಂಪಿನ ಕಂಬಕ್ಕೆ ಕಟ್ಟಿದ. ಕೆಲಸದವರ ಲೈನ್‌ಮನೆಯ ಮಕ್ಕಳು ಅಲ್ಲೇನು ಪೂಜೆ ಅಂತ ಕೇಳಿದವು. ಬುಧವಾರ ಹುಡುಗ ಹೊರಟ.

ನಿನ್ನೆ ನಾನು ಮಡಿಕೇರಿಯಲ್ಲಿದ್ದೆ. ಮೇಸ್ತ್ರಿ ಫೋನ್.

"ಸಾರ್, ಡೀಸೆಲ್ ಬಂದಿದೆ. ತಗೊಂಡವರು ಅನ್ನೋ ಕಡೆ ಸೈನ್ ಯಾರು ಹಾಕೋದು?"

"ಇಳಿಸ್ಕೊಳಪ್ಪ, ನಾನು ಬಂದು ಹಾಕ್ತೀನಿ."

"ನೋಡದೆ ಹೇಗೆ ಹಾಕ್ತೀರಾ ಸಾರ್?"

ಏನು ಹೇಳಬೇಕು ಗೊತ್ತಾಗಲಿಲ್ಲ. ಇವನೇ ಅಲ್ವಾ, ನಾಲ್ಕು ದಿನದ ಹಿಂದೆ ಕಿವಿಯಲ್ಲಿ ಬೀಡಿ ಇಟ್ಟುಕೊಂಡು ಪೆಟ್ರೋಲ್ ಎಳೆದವನು? ನೀನೇ ಹಾಕು ಅನ್ನಬಹುದಿತ್ತು. ಆ ಮಾತು ಹೊಳೆದದ್ದು ಬೋಯಿಕೇರಿ ದಾಟಿದ ಮೇಲೆ. ನಾನು ತೋಟ ಮುಟ್ಟುವವರೆಗೂ ಪಿಕಪ್ ಏರಿ ಮೇಲೆ ಆಫ್ ಆಗಿ ನಿಂತಿತ್ತು. ಇಳಿಸಿ ಆದಮೇಲೆ ನಾನು, ಮೇಸ್ತ್ರಿ, ಆ ಕೆಲಸದ ಹುಡುಗ ಸೇರಿ ತಳ್ಳಿದೆವು. ವೇಯ್ಟಿಂಗ್ ಅಂತ ಡ್ರೈವರ್ ಇನ್ನೂರು ರೂಪಾಯಿ ಜಾಸ್ತಿ ಕೇಳಿದ. ಕೊಟ್ಟೆ.