ತಿಂಗಳಿಗೊಂದು ಸೆಂಟಿಮೀಟರ್: ಪೆಗ್ ಎಂಟ್ವಿಸಲ್ ಪಟ್ಟಿ

ಮೊದಲ ವಾರ

ಪೆಗ್ ಎಂಟ್ವಿಸಲ್ ಅಂದರೆ ಎಲ್ಲರೂ ಹೇಳೋದು ಒಂದೇ ಮಾತು, ಹಾಲಿವುಡ್ ಬೋರ್ಡಿನ ಹತ್ತಿರ ಜೀವ ಕಳೆದುಕೊಂಡ ನಟಿ. ಅವಳು ಏನು ಕೆಲಸ ಮಾಡಿದ್ದಳು ಅಂತ ಯಾರೂ ಕೇಳುವುದಿಲ್ಲ. ಒಂದು ಉದ್ದ ಕಾಗದದ ಮೇಲೆ ಅದರ ಲೆಕ್ಕ ಹಾಕೋಣ ಅನ್ನಿಸಿತು. ತಿಂಗಳಿಗೆ ಒಂದು ಸೆಂಟಿಮೀಟರ್. ಹುಟ್ಟಿದ್ದು 1908ರ ಫೆಬ್ರವರಿ 5, ವೇಲ್ಸ್‌ನ ಪೋರ್ಟ್ ಟಾಲ್ಬಟ್‌ನಲ್ಲಿ. ಹೋಗಿದ್ದು 1932ರ ಸೆಪ್ಟೆಂಬರ್ 16. ಒಟ್ಟು 295 ತಿಂಗಳು, ಮೇಲೆ ಹನ್ನೊಂದು ದಿನ. ಮೂರು ಮೀಟರಿಗೆ ಸ್ವಲ್ಪ ಕಡಿಮೆ. ನಮ್ಮ ಹಾಲ್ ಗೋಡೆಗೆ ಸಾಕು.

ಅಂಗಡಿಯವರು ಬಿಲ್ ಹಾಕುವ ರೋಲ್ ತಂದೆ. ಬಿಡಿಸಿದಷ್ಟೂ ಮತ್ತೆ ಸುತ್ತಿಕೊಳ್ಳುತ್ತಿತ್ತು. ಜಾಣತನ ಮಾಡಲು ಹೋಗಿ ಇಸ್ತ್ರಿ ಪೆಟ್ಟಿಗೆ ಎಳೆದೆ. ಒಂದೇ ಎಳೆತಕ್ಕೆ 1908ರಿಂದ 1913ರವರೆಗೆ ಕಾಡಿಗೆ ಹಚ್ಚಿದ ಹಾಗೆ ಕಪ್ಪು! ಅದು ಬಿಸಿ ತಾಗಿದರೆ ಕಪ್ಪಾಗುವ ಥರ್ಮಲ್ ಕಾಗದ ಅನ್ನೋದು ತಲೆಗೇ ಹೊಳೆದಿರಲಿಲ್ಲ. ಕೊನೆಗೆ ಡ್ರಾಯಿಂಗ್ ಶೀಟ್ ಕತ್ತರಿಸಿ, ತುದಿಗೆ ತುದಿ ಅಂಟಿಸಿದೆ.

ಎರಡನೇ ವಾರ

ನಾಟಕಕ್ಕೆ ಹಸಿರು, ಸಿನಿಮಾಕ್ಕೆ ಕೆಂಪು.

ಹಸಿರು ಶುರುವಾಗುವುದು 1925ರಲ್ಲಿ. ಆಗ ಅವಳಿಗೆ 17. ಅಪ್ಪ ಮೂರು ವರ್ಷದ ಹಿಂದೆಯೇ ನ್ಯೂಯಾರ್ಕಿನಲ್ಲಿ ಕಾರು ಗುದ್ದಿ ತೀರಿಕೊಂಡಿದ್ದ. ಬಾಸ್ಟನ್‌ನಲ್ಲಿ ನಾರ್ವೆಯ ನಾಟಕಕಾರ ಇಬ್ಸೆನ್ ಬರೆದ ನಾಟಕದಲ್ಲಿ ಹೆಡ್ವಿಗ್ ಪಾತ್ರ ಮಾಡಿದಳು. ಅದನ್ನು ನೋಡುತ್ತಾ ಕೂತಿದ್ದ ಇನ್ನೊಬ್ಬ ಹುಡುಗಿ ತಾನೂ ಇವಳ ಹಾಗೇ ಆಗಬೇಕು ಅಂದುಕೊಂಡಳು. ಅವಳೇ ಮುಂದೆ ಹಾಲಿವುಡ್‌ನ ದೊಡ್ಡ ತಾರೆಯಾದ ಬೆಟ್ಟಿ ಡೇವಿಸ್. ಇದಕ್ಕೆ ಪಟ್ಟಿಯಲ್ಲಿ ಒಂದು ನಕ್ಷತ್ರ ಅಂಟಿಸಿದೆ, ತಪ್ಪಿಲ್ಲ ಅಲ್ವಾ?

1927ರಲ್ಲಿ ಅವಳಿದ್ದ ‘ಟಾಮಿ’ ಅನ್ನೋ ನಾಟಕ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಬೀದಿ ಬ್ರಾಡ್‌ವೇಯಲ್ಲಿ 232 ಪ್ರದರ್ಶನ ಕಂಡಿತು. ಆರೇಳು ಸೆಂಟಿಮೀಟರ್ ಎಡೆಬಿಡದೆ ಹಸಿರು ಬಳಿಯುವಾಗ ಖುಷಿಯಾಯಿತು. ಅದೇ ವರ್ಷ ಮದುವೆ, 1929ಕ್ಕೆ ಡೈವೋರ್ಸ್. ಪೆನ್ಸಿಲ್‌ನಲ್ಲಿ ಗುರುತು ಮಾಡಿ ಬಿಟ್ಟೆ. ಆಮೇಲೆ ಆರ್ಥಿಕ ಕುಸಿತದ ಕಾಲ, ಬೇಗ ಮುಚ್ಚುವ ನಾಟಕಗಳು. ಹಸಿರಿನ ನಡುವೆ ಬಿಳಿ ಜಾಸ್ತಿ. 1932ರ ಮೇನಲ್ಲಿ ಲಾಸ್ ಏಂಜಲೀಸ್‌ನ ಬೆಲಾಸ್ಕೊ ಥಿಯೇಟರಿನಲ್ಲಿ ನಟಿ ಬಿಲ್ಲಿ ಬರ್ಕ್ ಜೊತೆ ಒಂದು ನಾಟಕ. ಮುಂದೆ ಹಾಲಿವುಡ್ ಹೀರೋ ಆದ ಹಂಫ್ರಿ ಬೊಗಾರ್ಟ್ ಕೂಡ ಅದರಲ್ಲಿದ್ದ. ಅಲ್ಲಿಗೆ ಹಸಿರು ಮುಗಿಯಿತು. ಬಿಳಿಯೂ ಸೇರಿ ಸುಮಾರು 80 ಸೆಂಟಿಮೀಟರ್.

ಮೂರನೇ ವಾರ

ಕೆಂಪಿನ ಸರದಿ. ಆರ್‌ಕೆಓ ಕಂಪನಿಯ ‘ಥರ್ಟೀನ್ ವಿಮೆನ್’, ಒಂದೇ ಸಿನಿಮಾ. ಐರೀನ್ ಡನ್, ಮಿರ್ನಾ ಲಾಯ್ ದೊಡ್ಡ ಪಾತ್ರದಲ್ಲಿ, ಇವಳದು ಹೇಜಲ್ ಅನ್ನೋ ಚಿಕ್ಕ ಪಾತ್ರ. 73 ನಿಮಿಷದ ಸಿನಿಮಾವನ್ನು 59ಕ್ಕೆ ಇಳಿಸಿದಾಗ ಇವಳ ಭಾಗಕ್ಕೂ ಕತ್ತರಿ ಬಿತ್ತು. (ಬೆಟ್ಟದ ಮೇಲಿನ ಬೋರ್ಡ್ ಆಗ ‘ಹಾಲಿವುಡ್‌ಲ್ಯಾಂಡ್’, ಸೈಟ್ ಮಾರುವವರ ಜಾಹೀರಾತು. ಇಂಗ್ಲಿಷಿನಲ್ಲಿ ಎಣಿಸಿ, ಅದರಲ್ಲೂ 13 ಅಕ್ಷರ. ಎಣಿಸಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ.)

ಅವಳು ಸತ್ತ ಮೇಲೆ ದೊಡ್ಡ ಪಾತ್ರ ಕೊಡುತ್ತೇವೆ ಅಂತ ಕಾಗದ ಬಂತು ಅನ್ನೋ ಕಥೆಯೂ ಓಡಾಡುತ್ತದೆ. ಅಷ್ಟು ಚೆನ್ನಾಗಿ ಹೊಂದಿಕೊಳ್ಳುವ ಕಥೆಯನ್ನು ನಾನು ನಂಬುವುದಿಲ್ಲ. ಪಟ್ಟಿಯಲ್ಲಿ ಅದಕ್ಕೆ ಜಾಗ ಕೊಟ್ಟಿಲ್ಲ.

ಕೆಂಪು ಬಳಿದು ಮುಗಿಸಿ, 295ರ ಮುಂದೆ ನಾಲ್ಕು ಮಿಲಿಮೀಟರ್ ಬಿಟ್ಟು ಕಾಗದ ಕತ್ತರಿಸಿದೆ. ಆಮೇಲೆ ಬಿಡುಗಡೆ ತಾರೀಕು ಬರೆಯಲು ನೋಡಿದರೆ ಜಾಗವೇ ಇಲ್ಲ. ನ್ಯೂಯಾರ್ಕಿನಲ್ಲಿ ಸಿನಿಮಾ ತೆರೆಕಂಡಿದ್ದು ಅಕ್ಟೋಬರ್ 14ಕ್ಕೆ.

ಕಸದ ಬುಟ್ಟಿಯಿಂದ ತುಂಡು ಹುಡುಕಿ, ಒಂದು ಸೆಂಟಿಮೀಟರ್ ಕತ್ತರಿಸಿ ಹಿಂದಿನಿಂದ ಟೇಪ್ ಹಾಕಿದೆ. ಬಣ್ಣ ಇನ್ನೂ ಹಚ್ಚಿಲ್ಲ.