ಕಪ್ಪು ಹಲ್ಲಿನ ಹೆಂಗಸರು, ಕಲರ್ ಫೋಟೋ ಮತ್ತೆ ನಮ್ಮಮ್ಮ

ಅಮ್ಮ ಸಾಗರದಿಂದ ಪ್ಯಾರಿಸ್ಸಿಗೆ ಬಂದು ಮೂರು ವಾರ ಆಗಿತ್ತು. ಐಫೆಲ್ ಟವರ್ ಎರಡು ಸಲ ಆಯ್ತು, ಲೂವ್ರಲ್ಲಿ ಕಾಲು ನೋವು ಬಂದು ಅರ್ಧಕ್ಕೇ ವಾಪಸ್ ಬಂದ್ವಿ, ಭಾನುವಾರ ಬೆಳಿಗ್ಗೆ "ಎಲ್ಲಾದ್ರೂ ಗಿಡ ಮರ ಇರೋ ಕಡೆ ಹೋಗಣ ಮಾರಾಯ, ಕಲ್ಲು ನೋಡಿ ನೋಡಿ ಸಾಕಾಯ್ತು" ಅಂದ್ಲು. ಸರಿ ಅಂತ ಮೆಟ್ರೋ 10ನೇ ಲೈನ್ ಹಿಡಿದು ಕೊನೇ ಸ್ಟಾಪಲ್ಲಿ ಇಳಿದು ಅಲ್ಬೇರ್ ಕಾನ್ ಮ್ಯೂಸಿಯಮ್ಮಿಗೆ ಕರ್ಕೊಂಡು ಹೋದೆ. ಮ್ಯೂಸಿಯಂ ನೆಪಕ್ಕೆ, ನಮಗೆ ಬೇಕಿದ್ದಿದ್ದು ಅಲ್ಲಿನ ತೋಟ. ಜಪಾನಿ ತೋಟದಲ್ಲಿ ಹತ್ತು ನಿಮಿಷ ಓಡಾಡಿದ್ವೋ ಇಲ್ವೋ ಮಳೆ ಶುರು, ಓಡಿ ಬಂದು ಒಳಗೆ ಸೇರ್ಕೊಂಡ್ವಿ.

ಈ ಕಾನ್ ಅನ್ನೋನು ಬ್ಯಾಂಕರು. ಸಿಕ್ಕಾಪಟ್ಟೆ ದುಡ್ಡು ಮಾಡಿದ್ದ, 1909ರಿಂದ 1931ರ ತನಕ ಊರೂರಿಗೆ ಕ್ಯಾಮೆರಾದವರನ್ನ ಕಳಿಸಿ ಇಡೀ ಪ್ರಪಂಚದ ಫೋಟೋ ತೆಗೆಸಿದಾನೆ, 72 ಸಾವಿರ ಕಲರ್ ಫೋಟೋ! ಗಾಜಿನ ಪ್ಲೇಟಿನ ಮೇಲೆ ಆಲೂಗಡ್ಡೆ ಪಿಷ್ಟಕ್ಕೆ ಬಣ್ಣ ಹಾಕಿ ಹರಡಿ ತೆಗೆಯೋ ಫೋಟೋ ಅದು, ಆಟೋಕ್ರೋಮ್ ಅಂತಾರೆ, ಲೂಮಿಯೇರ್ ಅಣ್ಣತಮ್ಮಂದಿರು 1907ರಲ್ಲಿ ಮಾರ್ಕೆಟ್ಟಿಗೆ ಬಿಟ್ಟಿದ್ದು. ಒರಿಜಿನಲ್ ಪ್ಲೇಟಿಗೆ ಬೆಳಕು ಬಿದ್ರೆ ಬಣ್ಣ ಹೋಗುತ್ತೆ, ಹಂಗಾಗಿ ಅವು ಕತ್ತಲಲ್ಲಿರ್ತವೆ, ನಾವು ನೋಡೋದು ಕಾಪಿ. 1929ರ ಶೇರು ಕುಸಿತದಲ್ಲಿ ಕಾನ್ ದಿವಾಳಿ ಆದ, ಅದು ಬೇರೆ ಕಥೆ.

ನಾನು ಸುಮ್ನೆ ಮುಂದೆ ಮುಂದೆ ಹೋಗ್ತಿದ್ದೆ. ಹಿಂದಿಂದ ಅಮ್ಮ, "ಏ, ಇಲ್ಲಿ ನೋಡಾ, ಕವಳ ಹಾಕ್ತಿದಾರೆ!"

ಹೋಗಿ ನೋಡ್ತೀನಿ, ಎಲೆ ಅಡಿಕೆ ಹಾಕ್ಕೊಳ್ತಿರೋ ಹೆಂಗಸರ ಫೋಟೋ. ಊರು ಟಾಂಕಿನ್, ಅಂದ್ರೆ ಇವತ್ತಿನ ಉತ್ತರ ವಿಯೆಟ್ನಾಂ. ಅವಾಗ ಫ್ರೆಂಚರ ಕೈಲಿತ್ತು. ತೆಗೆದೋನು ಲೆಯಾನ್ ಬ್ಯೂಜಿ, ಫ್ರೆಂಚ್ ಸೈನ್ಯಕ್ಕೆ ರೇಷನ್ನು ಸಾಮಾನು ನೋಡ್ಕೊಳ್ಳೋ ಇಲಾಖೆಯ ಆಫೀಸರು, 1914ರಿಂದ 17ರ ಮಧ್ಯದಲ್ಲಿ ತೆಗೆದಿದ್ದು. ನಮ್ಮಮ್ಮನಿಗೆ ಇದ್ಯಾವ್ದೂ ಬೇಕಿಲ್ಲ, ಅವಳ ಕಣ್ಣು ಕೈ ಮೇಲೆ. "ಎಲೆಗೆ ಸುಣ್ಣ ಸವರೋ ರೀತಿ ನೋಡು, ನಿನ್ನಜ್ಜಿದೇ ಕೈ. ಆದ್ರೆ ಅಡಕತ್ತರಿ ಕಾಣ್ತಿಲ್ಲ, ಚಾಕುವಲ್ಲೇ ಹೆಚ್ಚೋದೇನೋ, ಹಂಗಿದ್ರೆ ಹಸಿ ಅಡಿಕೆನೇ ಇರ್ಬೇಕು. ತಲೆ ತಿರುಗಿ ಸೊಕ್ಕಲ್ವಾ ಇವ್ರಿಗೆ?" ಪಕ್ಕದಲ್ಲಿ ನಿಂತಿದ್ದ ಫ್ರೆಂಚ್ ಅಜ್ಜ ನಮ್ಮನ್ನೇ ನೋಡ್ತಿದ್ದ. ಅಮ್ಮನ ವಾಲ್ಯೂಮ್ ಕಮ್ಮಿ ಆಗ್ಲಿಲ್ಲ.

ಆ ಹೆಂಗಸರ ಹಲ್ಲು ಕಪ್ಪಗೆ ಮಿರಮಿರ ಮಿಂಚ್ತಿತ್ತು. ಎಲೆ ಅಡಿಕೆ ತಿಂದೇ ಹಿಂಗಾಗಿದೆ ಅಂತ ಇಬ್ರೂ ಅಂದ್ಕೊಂಡ್ವಿ, ಆಮೇಲೆ ಓದಿದ್ರೆ ಅದು ಬೇಕು ಅಂತಲೇ ಅರಗು ಹಚ್ಚಿ ಕಪ್ಪು ಮಾಡ್ಕೊಳ್ಳೋದಂತೆ, ಬಿಳಿ ಹಲ್ಲು ಅಂದ್ರೆ ನಾಯಿ ಹಲ್ಲು ಅನ್ನೋ ಲೆಕ್ಕ ಅವರದ್ದು. ಅಲ್ಲೂ ಮದುವೆ ಮಾತಿಗೆ ಎಲೆ ಅಡಿಕೆನೇ ಮೊದಲು ಹೋಗ್ಬೇಕು, ಮಾತು ಶುರುವಾಗೋದೇ ಎಲೆಯಿಂದ ಅಂತ ಗಾದೆನೇ ಇದೆ. ನಮ್ಮನೇಲಿ ನೆಂಟ್ರು ಬಂದ್ರೆ ನೀರು ಬೆಲ್ಲ ಆದ್ಮೇಲೆ ಕವಳದ ತಟ್ಟೆ ಇಡ್ತಿದ್ರಲ್ಲ, ಅದೇ.

ಇನ್ನೊಂದರಲ್ಲಿ ಅಫೀಮು ಸೇದೋನು, ಚಾಪೆ ಮೇಲೆ ಒರಗಿಕೊಂಡಿದಾನೆ. ಚಂದದ ಫೋಟೋ, ಬೆಳಕು ಎಷ್ಟು ಮೆತ್ತಗಿದೆ ಅಂದ್ರೆ ನೋಡ್ತಾ ನಿಂತ್ಬಿಟ್ಟೆ. ಆದ್ರೆ ಆ ಅಫೀಮು ಮಾರ್ತಿದ್ದಿದ್ದು ಫ್ರೆಂಚ್ ಸರ್ಕಾರವೇ! ಅಲ್ಲಿನ ಫ್ರೆಂಚ್ ಗವರ್ನರ್ ಜನರಲ್ ಆಗಿ ಪಾಲ್ ಡೂಮೇರ್ 1897ರಲ್ಲಿ ಬಂದ್ಮೇಲೆ ಉಪ್ಪು, ಹೆಂಡ, ಅಫೀಮು ಮೂರೂ ಸರ್ಕಾರದ ಹಿಡಿತಕ್ಕೆ ಗಟ್ಟಿಯಾಗಿ ಹೋಯ್ತು, ಹಳ್ಳಿಗಳಿಗೆ ಇಷ್ಟು ಹೆಂಡ ತಗೊಳ್ಳಲೇಬೇಕು ಅಂತ ಗಂಟು ಹಾಕ್ತಿದ್ರು. ನೋಡೋರಿಗೆ ಅಯ್ಯೋ ಈ ಜನ ಸೋಮಾರಿಗಳು ಅನ್ಸತ್ತೆ, ಅಂಗಡಿ ಯಾರದ್ದು ಅಂತ ಫೋಟೋದಲ್ಲಿ ಬರಲ್ವಲ್ಲ. ಇದೇ ಮೊದಲ ಮಹಾಯುದ್ಧದ ವರ್ಷಗಳಲ್ಲಿ ಆ ಕಡೆಯಿಂದ ಸುಮಾರು 90 ಸಾವಿರ ಗಂಡಸರನ್ನ ಸೈನಿಕರು, ಕೂಲಿಗಳು ಅಂತ ಹಡಗಲ್ಲಿ ಫ್ರಾನ್ಸಿಗೆ ತಂದಿದಾರೆ, ಮದ್ದುಗುಂಡಿನ ಫ್ಯಾಕ್ಟರಿಗೆಲ್ಲ ಹಾಕಿದಾರೆ. ಬ್ಯೂಜಿ ಗದ್ದೆ ಸಂತೆ ಅಂತ ಫೋಟೋ ತೆಗೀತಿದ್ದ ಊರುಗಳದ್ದೇ ಜನ ಇರ್ಬಹುದು.

ನಂಗೆ ಇದನ್ನೆಲ್ಲ ಅಮ್ಮನಿಗೆ ಹೇಳಬೇಕು ಅಂತ ಉಮೇದು, ಅವಳು ಕೇಳಿದ್ದೇ ಬೇರೆ. "ಇವಳ ಹೆಸರೆಂತದು?"

ಕೆಳಗಿನ ಚೀಟಿ ಓದಿದೆ. ದೇಶ ಇದೆ, ವರ್ಷ ಇದೆ, ತೆಗೆದೋನ ಹೆಸರಿದೆ. ಹೆಂಗಸಿನ ಹೆಸರಿಲ್ಲ.

"ತೆಗೆದೋನು ಕೇಳ್ಬೇಕಿತ್ತು ಅಲ್ವನಾ. ಅಷ್ಟೊತ್ತು ಕೂರಿಸ್ಕೊಂಡಿದಾನೆ." ಆಟೋಕ್ರೋಮಿಗೆ ಒಳ್ಳೇ ಬಿಸಿಲಲ್ಲೂ ಒಂದೆರಡು ಸೆಕೆಂಡು ಅಲ್ಲಾಡಬಾರದು, ಅದನ್ನ ನಾನೇ ಆಗ ತಾನೆ ಹೇಳಿದ್ದೆ, ಅದಕ್ಕೇ ಯಾವ ಫೋಟೋದಲ್ಲೂ ಯಾರೂ ಓಡಲ್ಲ, ಯಾರೂ ಜಗಳ ಆಡಲ್ಲ, ಊರಿಗೂರೇ ತಣ್ಣಗೆ ಕೂತಂಗಿದೆ. ನಮ್ಮಜ್ಜಿದೂ ಮನೇಲಿರೋದು ಒಂದೇ ಫೋಟೋ, ಸ್ಟುಡಿಯೋದಲ್ಲಿ ಉಸಿರು ಬಿಗಿ ಹಿಡಿದು ಕಂಬದ ತರ ನಿಂತಿದಾಳೆ, ಮನೆಯಿಡೀ ಕೇಳೋ ಹಂಗೆ ಬಯ್ತಿದ್ದ ಮುದುಕಿ ಅಂತ ಅದರಲ್ಲಿ ಗೊತ್ತೇ ಆಗಲ್ಲ.

ಮಳೆ ನಿಲ್ತು. ಹೊರಗೆ ಬಂದು ತೋಟದ ಬೆಂಚಲ್ಲಿ ಕೂತಾಗ ಅಮ್ಮ ಬ್ಯಾಗಿಂದ ಡಬ್ಬಿ ತೆಗೆದ್ಲು. ಇಲ್ಲಿ ಉಗಿಯಂಗಿಲ್ಲ ನೋಡು ಅಂದೆ. "ಗೊತ್ತು, ನುಂಗ್ತೀನಿ" ಅಂತ ಅಡಿಕೆ ಚೂರು ಬಾಯಿಗೆ ಹಾಕ್ಕೊಂಡು ಸ್ವಲ್ಪ ಹೊತ್ತು ಸುಮ್ನಿದ್ಲು. ನಾನೂ ಸುಮ್ನಿದ್ದೆ, ಆ ಹೆಂಗಸಿನ ಬಗ್ಗೆ ಯೋಚ್ನೆ ಮಾಡ್ತಿದಾಳೆ ಅಂದ್ಕೊಂಡಿದ್ದೆ.

"ಹೌದನಾ, ಅವ್ರ ಕಡೆ ಈಗ ಕ್ವಿಂಟಾಲಿಗೆ ಎಷ್ಟಂತೆ?"