ಇನ್ನೂ ದಾಟಿಲ್ಲ ಅವ್ಳು

"ಹಾಡು ಮಾತ್ರ ಸಾಕು ಸಾರ್. ಮಧ್ಯದ ಮಾತು, ನಾಯಿ ಬೊಗಳೋದು ಎಲ್ಲ ಕಟ್ ಮಾಡ್ಬಿಡಿ." ಹಳೇ ಕ್ಯಾಸೆಟ್ಟನ್ನು ಕಂಪ್ಯೂಟರ್ ಫೈಲು ಮಾಡಿಸಲು ಮಂಗಳವಾರ ತಂದ ಹುಡುಗ ಇಷ್ಟು ಹೇಳಿ ಬೈಕ್ ಹತ್ತಿದ. ಮಳವಳ್ಳಿ ಕಡೆಯ ಅವನ ಅಜ್ಜಿ ಹಾಡಿದ ಸೋಬಾನೆ ಪದ. ಸಿ-60 ಕ್ಯಾಸೆಟ್, ಡಬ್ಬಿಯ ಮೇಲೆ 'ಜಾನಪದ 3' ಅಂತ ಮಾತ್ರ ಇದೆ. ಒಂದು, ಎರಡು ಎಲ್ಲಿ ಹೋದವೋ.

ಎ ಬದಿ ಹಾಡಿನ ನಡುವೆಯೇ ಮುಗಿಯುತ್ತದೆ. ಮದುಮಗಳು ದೇವರ ದೀಪದ ಮುಂದೆ ನಿಂತಿದ್ದಾಳೆ, ಅಲ್ಲಿಗೆ ಟೇಪು ಖಾಲಿ. ಬಿ ಬದಿ ಶುರುವಾಗುವುದು ಹೀಗೆ:

"ಎಲ್ಲಿಗ್ ಬುಟ್ಟಿದ್ದೆ?"

"ಹೊಸ್ಲು ದಾಟುದ್ಲು ಅಂದ್ರಿ ಅವ್ವಾ."

"ಇಲ್ಲ ಕನ್ ಮಗ, ಇನ್ನೂ ದಾಟಿಲ್ಲ ಅವ್ಳು."

ಆಮೇಲೆ ಅಜ್ಜಿ ಗಂಟಲು ಸರಿಮಾಡಿಕೊಂಡು ಹೊಸಿಲ ಮೇಲೆ ಕಾಲಿಡುವ ಸಾಲಿನಿಂದ ಎತ್ತಿಕೊಳ್ಳುತ್ತಾಳೆ. ಟೇಪು ಮುಗಿದದ್ದು ಗೊತ್ತಾಗದೆ ಆಕೆ ಹಾಡುತ್ತಲೇ ಇದ್ದಳು, ರೆಕಾರ್ಡ್ ಮಾಡುವವನು ಕೇಳುತ್ತಲೇ ಇದ್ದ. ದೀಪದಿಂದ ಹೊಸಿಲವರೆಗಿನ ಸಾಲುಗಳು ಗಾಳಿಗೆ ಹೋದವು. ಹುಡುಗ ಕತ್ತರಿಸು ಅಂದದ್ದು ಈ ಮೂರು ಮಾತುಗಳನ್ನೇ. ಕತ್ತರಿಸಿ ಎರಡೂ ಬದಿ ಜೋಡಿಸಿದರೆ ಮದುಮಗಳು ದೀಪದಿಂದ ನೇರ ಹೊಸಿಲಿಗೆ ಬಂದುಬಿಡುತ್ತಾಳೆ, ಹಾಡು ಇರುವುದೇ ಹಾಗೆ ಅಂತ ಮುಂದೆ ಕೇಳಿದವರೆಲ್ಲ ನಂಬುತ್ತಾರೆ.

ಅವನದು ತಪ್ಪೇನಿಲ್ಲ. ಅಂಗಡಿಯಲ್ಲಿ ಮಾರಿದ ಜಾನಪದ ಕ್ಯಾಸೆಟ್ಟುಗಳು ಕಿವಿಗೆ ಕಲಿಸಿದ್ದೇ ಅದನ್ನು. ಆದರೆ 1902ರಲ್ಲಿ ಕಲ್ಕತ್ತಾದಲ್ಲಿ ಗಾಯಕಿ ಗೌಹರ್ ಜಾನ್ ಹಾಡಿ ಮುಗಿಸಿ "ಮೈ ನೇಮ್ ಈಸ್ ಗೌಹರ್ ಜಾನ್" ಎಂದು ಕೂಗಿದ್ದು ಜರ್ಮನಿಯ ಹ್ಯಾನೋವರಿನಲ್ಲಿ ಗ್ರಾಮಾಫೋನ್ ತಟ್ಟೆ ಒತ್ತುವವರಿಗೆ ಗುರುತಾಗಲಿ ಎಂದು. ಕೆಲಸದ ಮಾತು, ಹಾಡಲ್ಲ. ಇವತ್ತು ಅದನ್ನು ಕತ್ತರಿಸುತ್ತೇನೆ ಎಂದರೆ ಜನ ಸುಮ್ಮನಿರುತ್ತಾರೆಯೇ?

ಇನ್ನು ಆ ನಾಯಿ. ಅದು ದೂರದಲ್ಲೇ ಬೊಗಳಿದೆ. ಅಂಥ ಸಣ್ಣ ಟೇಪ್ ರೆಕಾರ್ಡರುಗಳು ಸದ್ದಿನ ಮಟ್ಟವನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಅಜ್ಜಿ ಉಸಿರು ತೆಗೆದುಕೊಳ್ಳುವಾಗ ಮೌನ ಕಂಡು ಮಟ್ಟ ಏರಿಸುತ್ತವೆ, ಆ ಸಂದಿಗೆ ಬಿದ್ದ ಬೊಗಳು ಪಕ್ಕದಲ್ಲೇ ಇದ್ದಂತೆ ಕೇಳುತ್ತದೆ. ಬಿ ಬದಿಯ ಕೊನೆಗೆ ಅಜ್ಜಿಯ ದನಿ ಎಳೆ ಹುಡುಗಿಯದರಂತೆ ತೆಳುವಾಗುವುದಕ್ಕೂ ಕಾರಣವಿದೆ. ರೆಕಾರ್ಡ್ ಮಾಡುವಾಗ ಸೆಲ್ ಇಳಿದು ಮೋಟಾರು ನಿಧಾನವಾಗಿತ್ತು. ಈಗ ಸರಿಯಾದ ವೇಗದಲ್ಲಿ, ಅಂದರೆ ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡಿಸಿದರೆ ಶ್ರುತಿ ಏರುತ್ತದೆ. ಅದನ್ನು ಸರಿಪಡಿಸಬಹುದು, ಆದರೆ ಮೂಲ ಫೈಲಿನಲ್ಲಲ್ಲ, ಅದರ ನಕಲಿನಲ್ಲಿ. ಎಷ್ಟು ಇಳಿಸಿದೆವು ಎಂದು ಬರೆದಿಡಬೇಕು.

ಕೆಲಸಕ್ಕೆ ಬಂದರೆ, ಕ್ಯಾಸೆಟ್ಟನ್ನು ತಂದ ಕೂಡಲೇ ಪ್ಲೇಯರಿಗೆ ಹಾಕಬಾರದು. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಬೂಷ್ಟು. ಅದನ್ನು ಬೇರೆ ಇಡಿ, ಮೂಗಿಗೆ ಮಾಸ್ಕ್ ಹಾಕಿಕೊಂಡೇ ಮುಟ್ಟಿ. ಬೇರೆ ಇಡದಿದ್ದರೆ ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ಇದರಲ್ಲಿ ಬೂಷ್ಟಿರಲಿಲ್ಲ, ಒಳಗಿನ ಪುಟ್ಟ ಫೆಲ್ಟ್ ಪ್ಯಾಡ್ ಕಳಚಿತ್ತು. ಟೇಪನ್ನು ಹೆಡ್ಡಿಗೆ, ಅಂದರೆ ಟೇಪಿನಿಂದ ದನಿ ಎತ್ತಿಕೊಳ್ಳುವ ಭಾಗಕ್ಕೆ, ಒತ್ತಿ ಹಿಡಿಯುವುದು ಅದೇ. ಇಲ್ಲದಿದ್ದರೆ ದನಿ ಮಂಕಾಗಿ ತೇಲಾಡುತ್ತದೆ. ಐದು ಸ್ಕ್ರೂ ಇರುವ ಬೇರೆ ಕ್ಯಾಸೆಟ್ಟಿನ ಕವಚಕ್ಕೆ ಎರಡೂ ಸುರುಳಿಗಳನ್ನು ಎತ್ತಿಟ್ಟದ್ದಾಯಿತು. ಆಮೇಲೆ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸುತ್ತಿಸಬೇಕು, ಬಿಗಿ ಸಮನಾಗುತ್ತದೆ. ಹೆಡ್ಡು, ರಬ್ಬರ್ ರೋಲರು ಎರಡನ್ನೂ ಒರೆಸಿಟ್ಟಿರಬೇಕು. ಹೆಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಸರಿ.

ಹೆಚ್ಚಿನವರು ಬಿಡುವ ಹೆಜ್ಜೆ ಹೆಡ್ಡಿನ ಓರೆ ಹೊಂದಿಸುವುದು. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ, ಎರಡೂ ಚಾನೆಲ್ ಕೂಡಿಸಿ ಮೋನೋದಲ್ಲಿ ಕೇಳಿ. 'ಸ', 'ಶ' ಯಾವ ಜಾಗದಲ್ಲಿ ಅತಿ ಚೂಪಾಗಿ ಕೇಳುತ್ತವೋ ಅಲ್ಲಿಗೆ ನಿಲ್ಲಿಸಿ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಓರೆಯಾಗಿದ್ದರೆ ನಮ್ಮದೂ ಅಷ್ಟೇ ಓರೆಯಾಗಬೇಕು. ಇದನ್ನು ಮಾಡದೆ ಆಮೇಲೆ ಸಾಫ್ಟ್‌ವೇರಿನಲ್ಲಿ ಟ್ರೆಬಲ್ ಏರಿಸಿದರೆ ಬರುವುದು ಬರೀ ಹಿಸ್, ಟೇಪಿನದೇ ಆದ 'ಸ್‌ಸ್' ಸದ್ದು.

ಮೂಲ ಫೈಲು 96 ಕಿಲೋಹರ್ಟ್ಸ್, 24 ಬಿಟ್, ಕುಗ್ಗಿಸದ ವೇವ್ (WAV) ಫೈಲ್. ಸ್ಟೀರಿಯೋ ಆದರೆ ಗಂಟೆಗೆ ಸುಮಾರು 2 ಜಿಬಿ. ಅತಿ ಜೋರಿನ ಜಾಗವೂ ಮೈನಸ್ 6 ಡೆಸಿಬೆಲ್ ದಾಟದಿರಲಿ. ಎಂಪಿ3 ಬೇಕಾದರೆ ಇದರಿಂದ ಮಾಡಿಕೊಳ್ಳಬಹುದು; ಎಂಪಿ3ಯಿಂದ ಇದನ್ನು ಮಾಡಲಾಗದು. ಹಿಸ್ ತೆಗೆಯುವ ಆಸೆಯನ್ನಂತೂ ಬಿಡಬೇಕು. ಹಾಡುವವರ ಬಳೆಯ ಸದ್ದು ಇರುವುದೂ ಅದೇ ಎತ್ತರದ ಶ್ರುತಿಯಲ್ಲಿ. ಎರಡೂ ಒಟ್ಟಿಗೆ ಹೋಗಿ ನೀರೊಳಗಿನಿಂದ ಹಾಡಿದಂತಾಗುತ್ತದೆ.

ಇಷ್ಟು ಮಾಡಿಯೂ ಫೈಲು ಹಾರ್ಡ್ ಡಿಸ್ಕಿನಲ್ಲೇ ಮಲಗಿದರೆ ಅದು ಬೇರೊಂದು ಡಬ್ಬಿ, ಅಷ್ಟೆ. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ ಧ್ವನಿಮುದ್ರಿಸಿದ್ದನ್ನು 1984ರಲ್ಲಿ ಸಂಗೀತ ಸಂಶೋಧಕರಾದ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಮತ್ತೆ ಅದೇ ಸೀಮೆಗಳಿಗೆ ಹೊತ್ತು ತಂದರು, ಕರ್ನಾಟಕಕ್ಕೂ ಬಂದರು. ಕ್ಯಾಸೆಟ್ಟಿನ ಬದಿಗೆ ಅರ್ಧ ಗಂಟೆ ಎಂಬ ಬೇಲಿ ಇರದಿದ್ದರೆ ಹಾಡು ಎಷ್ಟು ಉದ್ದ ಹೋದೀತು ಎನ್ನುವುದಕ್ಕೆ ಗಾಯಕ ಗೋಪಾಲ ನಾಯ್ಕರ ತುಳು ಸಿರಿ ಪಾಡ್ದನ, ಸಿರಿಯ ಕಥೆ ಹೇಳುವ ಹಾಡು, ಇದೆ. 1990ರಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರ ತಂಡ ದಾಖಲಿಸಿಕೊಂಡಾಗ 15,683 ಸಾಲುಗಳಾದವು.

ಮಾಹಿತಿ ಹಾಳೆಯಲ್ಲಿ ಹೀಗೆ ಬರೆಯಲಾಯಿತು: 'ಎ ಬದಿ 31 ನಿಮಿಷ, ಹಾಡಿನ ನಡುವೆ ನಿಂತಿದೆ. ದೀಪ ಮತ್ತು ಹೊಸಿಲಿನ ನಡುವಿನ ಸಾಲುಗಳಿಲ್ಲ. ಬಿ ಬದಿಯ ಮೊದಲ ಮಾತು ನೋಡಿ.' ಹುಡುಗ ಶುಕ್ರವಾರ ಬಂದು ಓದಿದ. "ಕಟ್ ಮಾಡಿಲ್ವಾ?" ಅಂದ. ಹೆಡ್‌ಫೋನ್ ಕೊಟ್ಟರೆ ಆ ಮೂರು ಮಾತನ್ನು ನಾಲ್ಕು ಸಲ ಕೇಳಿದ. ಹಾಡಿನ ಬಗ್ಗೆ ಏನೂ ಹೇಳಲಿಲ್ಲ.

ಅಜ್ಜಿ ಹಾಡುವಾಗ ಜೊತೆಗೂಡಿ ಸೊಲ್ಲು ಕೊಡುತ್ತಿದ್ದ ಒಬ್ಬರು ಊರಲ್ಲಿ ಇನ್ನೂ ಇದ್ದಾರಂತೆ, ಭಾನುವಾರ ಹೋಗುತ್ತಾನಂತೆ. ಹೇಳಿ ಕಳಿಸಿದ್ದು ಇಷ್ಟು: ಫೋನು ಫ್ಲೈಟ್ ಮೋಡಿನಲ್ಲಿರಲಿ, ವೇವ್ ಫೈಲೇ ಇರಲಿ, ಬಾಯಿಂದ ಒಂದೂವರೆ ಅಡಿ ದೂರದಲ್ಲಿ ಮಡಿಚಿದ ಟವೆಲ್ಲಿನ ಮೇಲೆ ಇಡು, ಫ್ಯಾನ್ ಆರಿಸು. ಮೊದಲು ಎ ಬದಿಯನ್ನು ಪೂರ್ತಿ ಕೇಳಿಸು, ದೀಪದ ಹತ್ತಿರ ನಿಲ್ಲಿಸು. ಆಮೇಲೆ ನೀನು ಬಾಯಿ ಬಿಡಬೇಡ.